ಬರೆದುಕೊಳ್ಳುವ ಕೈ ಯಾರದು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಇಲ್ಲಿ ಕೂತಿರುವವರಲ್ಲಿ ಸುಮಾರು ಜನ ಸರ್ವೆ ಕೆಲಸ ಮಾಡಿದ್ದೀರಿ. ಮಾಡದೇ ಇದ್ದವರು ಮುಂದಿನ ರಜೆಯಲ್ಲಿ ಮಾಡುತ್ತೀರಿ. ವಿಶ್ವವಿದ್ಯಾಲಯಗಳಿಗೆ 'ಸಾಮಾಜಿಕ ನ್ಯಾಯ' ಅಂತ ಪ್ರಾಜೆಕ್ಟ್‌ಗಳು ಬರುತ್ತವೆ. 11ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, ಅಂದರೆ 2007ರಿಂದ 2012ರ ನಡುವೆ, ಯುಜಿಸಿ ದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಸಾಮಾಜಿಕ ಬಹಿಷ್ಕಾರದ ಅಧ್ಯಯನಕ್ಕೆಂದೇ ಕೇಂದ್ರಗಳನ್ನು ತೆರೆಯಿತು. ನಮ್ಮ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲೂ ಒಂದು ಬಂತು. ಒಳ್ಳೆಯದೇ ಆಯಿತು. ನಮ್ಮ ಬದುಕು ಓದಿನ ವಸ್ತುವಾಗಬಾರದು ಅಂತ ನಾವು ಹೇಳುವುದಿಲ್ಲ.

ಆದರೆ ಪ್ರಾಜೆಕ್ಟ್ ಬಂದ ಕೂಡಲೇ ಮೇಷ್ಟ್ರಿಗೆ ಹಾಸ್ಟೆಲ್ ಹುಡುಗರ ನೆನಪಾಗುತ್ತದಲ್ಲ, ಯಾಕೆ? ಕೇರಿಗೆ ಹೋಗೋಕೆ ಜನ ಬೇಕು. ಕೇರಿಯ ಮಾತು ಬಲ್ಲವರು ಬೇಕು. ಯಲಹಂಕದ ಆಚೆ ಎಷ್ಟೋ ಹಟ್ಟಿಗಳಲ್ಲಿ ಮನೆ ಮಾತು ತೆಲುಗು, ಅದೂ ಬರಬೇಕು. ಜಗಲಿ ಮೇಲೆ ಕೂರಬೇಕು, ಕೊಟ್ಟ ನೀರು ಕುಡಿಯಬೇಕು. ಇದನ್ನೆಲ್ಲ ಮಾಡುವವರು ನಾವು. ವರದಿ ಅಚ್ಚಾದಾಗ ಮುಖಪುಟದಲ್ಲಿ ಇರುವ ಹೆಸರು ಬೇರೆ. ಒಳಪುಟದ ಕೊನೆಯಲ್ಲಿ 'ಕ್ಷೇತ್ರ ಕಾರ್ಯಕ್ಕೆ ನೆರವಾದ ವಿದ್ಯಾರ್ಥಿಗಳಿಗೆ ಕೃತಜ್ಞತೆಗಳು' ಅಂತ ಒಂದು ಸಾಲು. ನಾವು ಅಷ್ಟೇ.

ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಗಿ ನೋಡಿ. ಅಲ್ಲಿ ಹಮಾಲಿ ಮೂಟೆ ಲೆಕ್ಕದಲ್ಲಿ ಕೂಲಿ ತಗೋತಾನೆ. ನಮಗೆ ಫಾರಂ ಲೆಕ್ಕ. ಆದರೆ ಹಮಾಲಿಗೆ ಒಂದು ಮೂಟೆಗೆ ಎಷ್ಟು ಅನ್ನೋದು ಎತ್ತೋಕೆ ಮೊದಲೇ ಗೊತ್ತು. ಡಿಗ್ರಿ ಮಾಡಿದ ನಮಗೆ ಗೊತ್ತಿರಲ್ಲ! ನಮ್ಮಲ್ಲೇ ಕೆಲವರಿಗೆ ಒಂದು ಸಂಸ್ಥೆ (ಹೆಸರು ಬೇಡ) ಆರು ವಾರ ತಿರುಗಿಸಿತು. ಬಸ್ ಚಾರ್ಜು ನಮ್ಮದೇ. ಕೊನೆಗೆ 'ಗ್ರಾಂಟ್ ರಿಲೀಸ್ ಆಗಿಲ್ಲಪ್ಪ, ಆದಾಗ ಹೇಳ್ತೀವಿ' ಅಂದರು. ಕೈಯಲ್ಲಿ ಆರ್ಡರ್ ಕಾಪಿ ಇಲ್ಲ. ಯಾರನ್ನು ಕೇಳೋದು? ಜೀತದ ವಿಷಯ ಬರೆಯೋಕೆ ಹೋದವರ ಕೂಲಿಯ ಕತೆ ಇದು.

ಇದನ್ನು ಸಣ್ಣ ವಿಷಯ ಅಂತ ಯಾರೂ ತಿಳಿಯಬೇಡಿ. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ನಮ್ಮನ್ನು ಬಿಟ್ಟು ಹೋದ. ತನಗೆ ಏಳು ತಿಂಗಳ ಫೆಲೋಶಿಪ್, 1 ಲಕ್ಷ 75 ಸಾವಿರ ರೂಪಾಯಿ ಬರಬೇಕು, ಅದನ್ನು ಮನೆಯವರಿಗೆ ತಲುಪಿಸಿ ಅಂತ ಕೊನೆಯ ಪತ್ರದಲ್ಲೂ ಅವನು ಬರೆಯಬೇಕಾಯಿತು. ಮೇಲ್ಜಾತಿಯ ಹುಡುಗನಿಗೆ ಫೆಲೋಶಿಪ್ ತಡವಾದರೆ ಅಪ್ಪ ಹಣ ಕಳಿಸುತ್ತಾನೆ. ನಮ್ಮಲ್ಲಿ ಅಪ್ಪನಿಗೆ ನಾವು ಕಳಿಸಬೇಕು.

ದುಡ್ಡಿನ ಮಾತು ಇಷ್ಟು ಸಾಕು. ಇನ್ನೊಂದು ಮಾತಿದೆ. ಯಾರು ಎಲ್ಲಿ ಕೂತು ಬರೆದುಕೊಳ್ಳುತ್ತಾರೆ ಅನ್ನುವುದರ ಮೇಲೆ ಏನು ಬರೆಯುತ್ತಾರೆ ಅನ್ನುವುದೂ ನಿಂತಿದೆ.

ಎಂ.ಎನ್. ಶ್ರೀನಿವಾಸರು ದೊಡ್ಡ ವಿದ್ವಾಂಸರು. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡಿದರು. ಬರೆಯುವಾಗ ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ಅವರು ಇಳಿದುಕೊಂಡಿದ್ದು ಊರಿನ ಪಟೇಲರ ಎತ್ತಿನ ಮನೆಯಲ್ಲಿ. ತಾನು ಕಂಡದ್ದು ಮೇಲುಜಾತಿಯವರ ಕಣ್ಣಿನ ಹಳ್ಳಿ, ಹರಿಜನರ ಒಡನಾಟ ತನಗೆ ಕಡಿಮೆ ಇತ್ತು ಅಂತ ಅವರೇ ಒಪ್ಪಿದ್ದಾರೆ. ಅದು ಅವರ ಪ್ರಾಮಾಣಿಕತೆ. ಆದರೆ ಅದೇ ಹಳ್ಳಿಯನ್ನು ಕೇರಿಯ ಗುಡಿಸಲಲ್ಲಿ ಕೂತು ಬರೆದಿದ್ದರೆ ಹೇಗಿರುತ್ತಿತ್ತು? ಆ ಪುಸ್ತಕ ನಮ್ಮ ಬಳಿ ಇಲ್ಲ.

1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಒಬ್ಬ ವಿದ್ಯಾರ್ಥಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದ. ವಯಸ್ಸು 25. ಅವರೇ ಬಾಬಾಸಾಹೇಬ್ ಅಂಬೇಡ್ಕರ್. ಆ ವಯಸ್ಸು ಈಗ ನಮ್ಮದು. ಅವರು ಯಾರದೋ ಫಾರಂ ತುಂಬಲಿಲ್ಲ, ಪ್ರಶ್ನೆಯನ್ನೇ ತಾವು ಹಾಕಿದರು.

ಈಗ ನಮ್ಮ ಕಾಲಬುಡಕ್ಕೆ ಬರೋಣ. ಬೆಂಗಳೂರಿನ ಉತ್ತರದ ಅಂಚು ಸಂಶೋಧಕರಿಗೆ ಬಹಳ ಇಷ್ಟ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯೋಕೆ ಶುರುವಾಯಿತು. ಹೆಬ್ಬಾಳ ದಾಟಿದರೆ ಹೊಲ ಲೇಔಟಾಯಿತು, ಕೆರೆ ಬದಿ ಅಪಾರ್ಟ್‌ಮೆಂಟಾಯಿತು. ಈ ಬದಲಾವಣೆ ಅಳೆಯೋಕೆ ನಮ್ಮವರೂ ಹೊರದೇಶದವರೂ ಬರುತ್ತಾರೆ. ಫಾರಂನಲ್ಲಿ ಒಂದು ಕಾಲಂ ಇರುತ್ತದೆ: 'ಸ್ವಂತ ಜಮೀನು, ಎಕರೆಗಳಲ್ಲಿ.' ಕೇರಿಯವರು 'ಇಲ್ಲ' ಅಂತಾರೆ. ನಾವು ಸೊನ್ನೆ ಬರೆದು ಮುಂದಿನ ಮನೆಗೆ ಹೋಗುತ್ತೇವೆ.

ಆ ಸೊನ್ನೆ ಎಲ್ಲಿಂದ ಬಂತು? 'ಸರ್ಕಾರ ಯಾವಾಗಲಾದರೂ ಜಮೀನು ಕೊಟ್ಟಿತ್ತಾ, ಅದು ಈಗ ಯಾರ ಹತ್ರ ಇದೆ' ಅಂತ ಕೇಳಿ ನೋಡಿ. 'ನಮ್ಮ ತಾತನಿಗೆ ಕೊಟ್ಟಿದ್ರು ಮಗಾ, ಸಾಲಕ್ಕೆ ಹೋಯ್ತು' ಅಂತ ಅಜ್ಜಿ ಹೇಳಬಹುದು. ಇಂಥ ಜಮೀನಿಗಾಗಿಯೇ ಕರ್ನಾಟಕದಲ್ಲಿ 1978ರ ಪಿಟಿಸಿಎಲ್ ಕಾಯ್ದೆ ಇದೆ. 1979ರ ಜನವರಿ 1ರಿಂದ ಜಾರಿಯಲ್ಲಿದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡಿದ್ದರೆ ಅದನ್ನು ವಾಪಸ್ ಕೊಡಿಸಬಹುದು. 2017ರಲ್ಲಿ ಸುಪ್ರೀಂ ಕೋರ್ಟು, ಅರ್ಜಿಯನ್ನು ಯುಕ್ತ ಕಾಲದೊಳಗೆ ಹಾಕಿರಬೇಕು ಅಂದಿತು. ಆ ಮೇಲೆ ತಡವಾಯಿತು ಅನ್ನುವ ಕಾರಣಕ್ಕೇ ಎಷ್ಟೋ ಕೇಸು ಬಿದ್ದುಹೋದವು. ಹೋರಾಟ ನಡೆದು 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಫಾರಂನಲ್ಲಿ ಈ ಕಾಲಂ ಇಲ್ಲದಿದ್ದರೆ ಅಂಚಿನಲ್ಲಿ ಬರೆಯಿರಿ. ಅಜ್ಜಿಗೆ ಕಾಯ್ದೆಯ ಹೆಸರು ಹೇಳಿ ಬನ್ನಿ. ಹೊರಗಿನವನಿಗೆ ಕಾಣದ್ದು ನಮಗೆ ಕಾಣುತ್ತದೆ. ಕಂಡೂ ಸೊನ್ನೆ ಬರೆದರೆ ನಾವು ಹೋಗಿ ಏನು ಬಂತು?

ಇನ್ನು ಜಾತಿಯ ಕಾಲಂ. ಇದು ಹುಷಾರಾಗಿ ಮಾಡುವ ಕೆಲಸ. ಆರ್.ಟಿ. ನಗರದ ಒಂದು ಬಾಡಿಗೆ ಮನೆ ಅಂದುಕೊಳ್ಳಿ. ಮೇಲೆ ಓನರ್. ಜಾತಿ ಹೇಳಿದರೆ ಮನೆ ಸಿಗಲ್ಲ ಅಂತ ಕೆಳಗಿನವರು ಹೇಳದೆ ಸೇರಿದ್ದಾರೆ. ನಾವು ಬಾಗಿಲಲ್ಲಿ ನಿಂತು 'ಯಾವ ಜಾತಿ ಅಮ್ಮಾ?' ಅಂತ ಗಟ್ಟಿಯಾಗಿ ಕೇಳಿದರೆ ತಿಂಗಳ ಕೊನೆಗೆ ಆ ಸಂಸಾರ ಬೀದಿಗೆ ಬರಬಹುದು. ವರದಿಗೆ ಒಂದು ಅಂಕಿ ಸಿಕ್ಕಿತು, ಅವರಿಗೆ ಮನೆ ಹೋಯಿತು. ಅದಕ್ಕೇ ಒಳಗೆ ಕೂತು ಕೇಳಿ. ಯಾಕೆ ಕೇಳುತ್ತಿದ್ದೀವಿ ಅಂತ ಮೊದಲು ಹೇಳಿ. ಹೇಳಲ್ಲ ಅಂದರೆ ಬಲವಂತ ಬೇಡ.

ಈ ಭಯ ಎಷ್ಟು ಆಳದ್ದು ಅಂತ 2025ರಲ್ಲಿ ರಾಜ್ಯವೇ ನೋಡಿತು. ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಮೇ 5ರಿಂದ ಮನೆ ಮನೆ ಸಮೀಕ್ಷೆ ಮಾಡಿಸಿತು. ಪಟ್ಟಿಯಲ್ಲಿ 101 ಜಾತಿಗಳಿವೆ. ಮೂಲ ಜಾತಿ ಹೇಳದೆ ಎಕೆ, ಎಡಿ, ಎಎ ಅಂತಷ್ಟೇ ಬರೆಸಿದವರು ಎಷ್ಟಿದ್ದರೆಂದರೆ, ಆಯೋಗ ಅವರಿಗಾಗಿ ಬೇರೆ ಗುಂಪನ್ನೇ ಮಾಡಬೇಕಾಯಿತು. ಬೆಂಗಳೂರಿನಲ್ಲಂತೂ ಒಳಗೆ ಯಾರನ್ನೂ ಮಾತಾಡಿಸದೆ ಬಾಗಿಲಿಗೆ 'ಸಮೀಕ್ಷೆ ಆಗಿದೆ' ಅಂತ ಸ್ಟಿಕ್ಕರ್ ಅಂಟಿಸಿ ಹೋದ ಸುದ್ದಿ ಪೇಪರಿನಲ್ಲಿ ಬಂತು. ಎಣಿಸುವವನಿಗೆ ಎಣಿಕೆಯ ಬೆಲೆ ಗೊತ್ತಿಲ್ಲದಿದ್ದರೆ ಹೀಗೇ ಆಗುವುದು.

'ಎಷ್ಟ್ ಸರ್ತಿ ಬರ್ಕೊಂಡ್ ಹೋಗ್ತೀರಪ್ಪಾ?' ಅಂತ ಕೇರಿಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸದಾಶಿವ ಆಯೋಗ 2005ರಲ್ಲಿ ಆಯಿತು, 2012ರಲ್ಲಿ ವರದಿ ಕೊಟ್ಟಿತು, ವರದಿ ಧೂಳು ತಿಂದಿತು. 2015ರಲ್ಲಿ ನಡೆದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯ ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರವರಿಯಲ್ಲಿ. 2025ರ ಸೆಪ್ಟೆಂಬರ್ 22ರಿಂದ ಮತ್ತೆ ಹೊಸ ಸಮೀಕ್ಷೆ. ನಾಗಮೋಹನದಾಸ್ ವರದಿ 2025ರ ಆಗಸ್ಟ್ 4ರಂದು ಬಂತು. ಅದು ಅಲೆಮಾರಿಗಳೂ ಸೇರಿದಂತೆ 59 ಸಣ್ಣ ಜಾತಿಗಳಿಗೆ ಶೇಕಡಾ 1 ಬೇರೆ ಇಡಿ ಅಂದಿತ್ತು. ಆಗಸ್ಟ್ 19ರಂದು ಸಚಿವ ಸಂಪುಟ ಅವರನ್ನು ಶೇಕಡಾ 5ರ ಗುಂಪಿಗೆ, ತಮಗಿಂತ ಬಲವಾದವರ ಜೊತೆ ಸೇರಿಸಿತು. ಅಂಕಿ ಇತ್ತು. ಅಂಕಿಯ ಹಿಂದೆ ಕೂಗುವ ಜನಬಲ ಆ 59 ಜಾತಿಗಳಿಗೆ ಇರಲಿಲ್ಲ. ವರದಿ ಒಂದೇ ನ್ಯಾಯ ತರುತ್ತದೆ ಅಂತ ನಂಬಿ ಕೂರಬೇಡಿ ಅನ್ನೋಕೆ ಈ ಮಾತು ಹೇಳಿದೆವು.

ಹಾಗಾದರೆ ಈ ಕೆಲಸ ಬಿಡಬೇಕಾ? ಬೇಡ. ನಾವು ಬಿಟ್ಟರೆ ಕೇರಿಯ ಒಳಗೆ ಕಾಲಿಡದವರು ಊರ ಹೊರಗಿನ ಟೀ ಅಂಗಡಿಯಲ್ಲಿ ಕೂತು ಫಾರಂ ತುಂಬುತ್ತಾರೆ. ಮಾಡೋಣ, ಆದರೆ ಹೀಗೆ ಮಾಡೋಣ.

ಒಂದು: ಕೆಲಸಕ್ಕೆ ಮೊದಲು ಬರವಣಿಗೆಯಲ್ಲಿ ಆದೇಶ. ದಿನಕ್ಕೆ ಎಷ್ಟು, ಪ್ರಯಾಣಕ್ಕೆ ಎಷ್ಟು, ಯಾವ ತಾರೀಕಿಗೆ ಕೊಡುತ್ತಾರೆ, ಎಲ್ಲ ಅದರಲ್ಲಿ ಇರಬೇಕು.

ಎರಡು: ಪ್ರಶ್ನೆಪಟ್ಟಿ ಮಾಡುವ ದಿನವೇ ನಮ್ಮನ್ನು ಕೂರಿಸಿಕೊಳ್ಳಬೇಕು. 'ನಿರುದ್ಯೋಗಿ' ಅನ್ನುವ ಕಾಲಂಗೆ ವಾರದಲ್ಲಿ ಎರಡು ದಿನ ಗಾರೆ ಕೆಲಸಕ್ಕೆ ಹೋಗುವ ಹೆಂಗಸನ್ನು ಹೇಗೆ ತುಂಬುವುದು ಅಂತ ಅಲ್ಲೇ ಕೇಳಬೇಕು.

ಮೂರು: ವರದಿಯಲ್ಲಿ ನಮ್ಮ ಹೆಸರು ಇರಬೇಕು. ಬರೆಯಬಲ್ಲವರಿಗೆ ಒಂದು ಅಧ್ಯಾಯವನ್ನಾದರೂ ಬಿಟ್ಟುಕೊಡಬೇಕು.

ನಾಲ್ಕು: ಮುಗಿದ ಮೇಲೆ ಕನ್ನಡದಲ್ಲಿ ನಾಲ್ಕು ಪುಟದ ಸಾರಾಂಶ ಮಾಡಿ ಅದೇ ಕೇರಿಯಲ್ಲಿ ಓದಿ ಹೇಳಬೇಕು. ಕೊಟ್ಟವರಿಗೆ ಲೆಕ್ಕ ಒಪ್ಪಿಸುವುದು ಉಪಕಾರವಲ್ಲ, ಋಣ.

ಐದು: ಹೆಣ್ಣುಮಕ್ಕಳನ್ನು ಒಬ್ಬೊಬ್ಬರೇ ಕಳಿಸಬಾರದು. ಕತ್ತಲಾದ ಮೇಲೆ ವಾಪಸ್ ಬರುವ ವ್ಯವಸ್ಥೆ ಪ್ರಾಜೆಕ್ಟಿನದೇ.

ಇದನ್ನೆಲ್ಲ ಒಬ್ಬೊಬ್ಬರೇ ಕೇಳಿದರೆ 'ನಾಳೆಯಿಂದ ಬರಬೇಡ, ಬೇರೆ ಹುಡುಗರಿದ್ದಾರೆ' ಅಂತಾರೆ. ಆ ಬೇರೆ ಹುಡುಗರೂ ನಾವೇ. ಪಕ್ಕದ ಹಾಸ್ಟೆಲಿನವರೇ. ಎಲ್ಲರೂ ಇದೇ ಐದು ಮಾತು ಕೇಳಿದರೆ ಅವರು ಎಲ್ಲಿಗೆ ಹೋಗುತ್ತಾರೆ?

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಹಾಳೆ ತನ್ನಿ. ಯಾವ ಕೆಲಸ, ಎಷ್ಟು ದಿನ, ಎಷ್ಟು ಮನೆ, ಬಂದ ದುಡ್ಡು, ಬಾರದ ದುಡ್ಡು, ಹೆಸರು ಹಾಕಿದರೋ ಇಲ್ಲವೋ. ಊರವರ ಲೆಕ್ಕ ಇಷ್ಟು ದಿನ ಬರೆದೆವು. ನಮ್ಮ ಲೆಕ್ಕವನ್ನೂ ಒಂದು ಸಲ ಬರೆಯೋಣ. ಹಾಳೆಗಳನ್ನೆಲ್ಲ ಕೂಡಿಸಿ, ಕಾಪಿ ತೆಗೆದು, ಕೊಡಬೇಕಾದವರ ಮೇಜಿನ ಮೇಲೆ ಒಟ್ಟಿಗೆ ಹೋಗಿ ಇಡೋಣ.

ಜೈಭೀಮ್.