ಶಾಲೆಗೆ ಮುಂಚಿನ ಬಿತ್ತನೆ
(ಗ್ರಾಮಗಳ ರೈತರನ್ನು ಉದ್ದೇಶಿಸಿದ ಭಾಷಣ)



ಬೀಜ, ಗೊಬ್ಬರ, ನೀರಿನ ವಿಷಯ ತಮಗೆ ಹೊಸದಲ್ಲ. ಇಂದು ತಮ್ಮ ಮನೆಯ ಇನ್ನೊಂದು ಬೆಳೆಯ ವಿಷಯವನ್ನು ಹೇಳಬೇಕೆಂದಿದ್ದೇನೆ. ಅದು ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಗು.

"ಅದಕ್ಕೇನು ತಿಳಿಯುತ್ತದೆ? ಶಾಲೆಗೆ ಸೇರಿದ ಮೇಲೆ ಮೇಷ್ಟರು ಕಲಿಸುತ್ತಾರೆ" ಎಂದು ನಮ್ಮಲ್ಲಿ ಅನೇಕರು ಹೇಳುವುದುಂಟು. ಇದು ಸರಿಯಲ್ಲ. ಮಿದುಳಿನ ಬೆಳವಣಿಗೆಯಲ್ಲಿ ನೂರಕ್ಕೆ 85 ಪಾಲಿಗಿಂತ ಹೆಚ್ಚು ಆರು ವರ್ಷ ತುಂಬುವ ಮೊದಲೇ ಆಗುತ್ತದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಹದ ತಪ್ಪಿದ ಮೇಲೆ ಬಿತ್ತಿದರೂ ಬೆಳೆ ಬರುತ್ತದೆ. ಆದರೆ ಎಷ್ಟು ಬರುತ್ತದೆಂಬುದು ತಮಗೇ ಗೊತ್ತು. ಮಾತಿನ ಬಂಡವಾಳ ಕಡಮೆಯಿರುವ ಮಗು ಒಂದನೆಯ ತರಗತಿಯಲ್ಲಿ ಹೇಳಿದ್ದು ಅರ್ಥವಾಗದೆ ಸುಮ್ಮನೆ ಕೂರುತ್ತದೆ. ಬೇಗನೆ "ದಡ್ಡ" ಎಂಬ ಹೆಸರು ಬರುತ್ತದೆ. ಎಷ್ಟೋ ಮಕ್ಕಳು ಶಾಲೆ ಬಿಡುವುದಕ್ಕೆ ಅದೇ ಮೊದಲು.

ಇದನ್ನು ತಪ್ಪಿಸಲು ಹಣ ಬೇಡ. ಬೇಕಾದುದು ಮಗುವಿನೊಡನೆ ಮಾತು.

ಮೊದಲನೆಯದು, ಪದಗಳು. "ಅದನ್ನು ಇಲ್ಲಿ ತಾ" ಎನ್ನಬೇಡಿರಿ. "ಗೂಟದ ಪಕ್ಕದಲ್ಲಿರುವ ಸಣ್ಣ ಹಗ್ಗವನ್ನು ತಾ" ಎನ್ನಿರಿ. ಹೆಸರು, ಅಳತೆ, ಜಾಗ ಮೂರೂ ಒಂದೇ ಮಾತಿನಲ್ಲಿ ಬಂದವು. ಹೊಲಕ್ಕೆ ಕರೆದೊಯ್ದಾಗ ಬದು, ತೂಬು, ಕುಂಟೆ, ಕೂರಿಗೆ, ಬಣವೆಗಳನ್ನು ತೋರಿಸಿ ಹೇಳಿರಿ. ಹೆಣ್ಣು ಕರು ಬೆಳೆದು ಕಡಸಾಗುತ್ತದೆ, ಕಡಸು ಈದರೆ ಹಸುವಾಗುತ್ತದೆ ಎಂದು ಕೊಟ್ಟಿಗೆಯಲ್ಲಿ ತಿಳಿಸಿದರೆ, ಪದದ ಜೊತೆಗೆ ಯಾವುದು ಮೊದಲು, ಯಾವುದು ಅನಂತರ ಎಂಬ ಕ್ರಮವೂ ಮನಸ್ಸಿಗೆ ಹತ್ತುತ್ತದೆ.

ಎರಡನೆಯದು, ವಿಂಗಡಣೆ. ನಾಲ್ಕು ವರ್ಷದ ಮಗುವಿನ ಮುಂದೆ ಅವರೆ, ಅಲಸಂದೆ, ಹುರುಳಿ ಬೆರೆಸಿಟ್ಟು ಬೇರೆ ಮಾಡಲು ಹೇಳಿರಿ. ಮಗು ಬಣ್ಣ ನೋಡಿ ಬೇರೆ ಮಾಡಬಹುದು, ಗಾತ್ರ ನೋಡಿಯೂ ಮಾಡಬಹುದು. "ಇದನ್ನು ಇಲ್ಲಿ ಏಕೆ ಹಾಕಿದೆ?" ಎಂದು ಕೇಳಿರಿ. ಕಾರಣ ಹೇಳಲು ಕಲಿತ ಮಗುವಿಗೆ ಲೆಕ್ಕ ಕಷ್ಟವಾಗದು. ಒಂದು ಎಚ್ಚರಿಕೆ: ಚಿಕ್ಕ ಮಕ್ಕಳು ಕಾಳನ್ನು ಮೂಗಿಗೆ, ಬಾಯಿಗೆ ಹಾಕಿಕೊಳ್ಳುತ್ತಾರೆ. ಮೂರು ವರ್ಷದೊಳಗಿನವರಿಗೆ ಕಾಳು ಕೊಡಬೇಡಿರಿ. ದೊಡ್ಡವರಾದರೂ ಪಕ್ಕದಲ್ಲಿ ಕುಳಿತಿರಿ.

ಮೂರನೆಯದು, ಪ್ರಶ್ನೆ. "ಮೋಡ ಕವಿದಿದೆಯಲ್ಲ, ಕಣದ ರಾಗಿಗೆ ಏನು ಮಾಡೋಣ?" ಎಂದು ಕೇಳಿ, ಸ್ವಲ್ಪ ಕಾಯಿರಿ. "ಮುಚ್ಚೋಣ" ಎನ್ನುತ್ತದೆ. "ಏಕೆ?" "ನೆನೆಯುತ್ತದೆ." ತರ್ಕವೆಂದರೆ ಇದೇ. ಉತ್ತರ ತಪ್ಪಾದರೆ ನಗಬೇಡಿರಿ. ಇನ್ನೊಂದು ಪ್ರಶ್ನೆ ಕೇಳಿ ದಾರಿ ತೋರಿಸಿರಿ. ಮಗುವೇ ಪ್ರಶ್ನೆ ಕೇಳಿದಾಗ "ಸುಮ್ಮನಿರು" ಎಂದು ಗದರಿದರೆ, ಮೊಳಕೆಯನ್ನೇ ಚಿವುಟಿದಂತೆ.

ಮನೆಯಲ್ಲಿ ಆಡುವ ಮಾತು ಕನ್ನಡವಿರಲಿ, ತುಳುವಿರಲಿ, ಲಂಬಾಣಿಯಿರಲಿ, ಅದರಲ್ಲಿಯೇ ಧಾರಾಳವಾಗಿ ಮಾತನಾಡಿರಿ. ಅದು ಗಟ್ಟಿಯಾದರೆ ಇನ್ನೊಂದು ಭಾಷೆ ಕಲಿಯುವುದು ಸುಲಭ. ಅರ್ಥ ತಿಳಿಯದೆ ಎ, ಬಿ, ಸಿ, ಡಿ ಒಪ್ಪಿಸುವುದನ್ನೇ ಬುದ್ಧಿಯೆಂದು ಭಾವಿಸಬೇಡಿರಿ. ಅಳುವ ಮಗುವಿಗೆ ಮೊಬೈಲು ಕೊಡುವ ರೂಢಿಯೂ ಒಳ್ಳೆಯದಲ್ಲ. ಮೊಬೈಲು ಮಾತನಾಡುತ್ತದೆ, ಆದರೆ ಮಗುವಿನ ಮಾತನ್ನು ತಾಯಿತಂದೆಯರಂತೆ ಕಾದು ಕೇಳುವುದಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಲಹೆ ಮಾಡಿದೆ.

ಸಮುದಾಯ ಅಭಿವೃದ್ಧಿ ಯೋಜನೆ 1952ರ ಅಕ್ಟೋಬರ್ 2ರಂದು ಆರಂಭವಾಯಿತು. 1975ರಲ್ಲಿ ಅದೇ ದಿನ ಅಂಗನವಾಡಿಗಳ ಯೋಜನೆ ದೇಶದ 33 ಕಡೆ ಮೊದಲಾಯಿತು; ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರ ಅವುಗಳಲ್ಲೊಂದು. ಅಂಗನವಾಡಿ ಬರಿಯ ಊಟದ ಮನೆಯಲ್ಲ. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟ, ಕತೆ, ಹಾಡುಗಳ ಮೂಲಕ ಕಲಿಸುವುದೂ ಅದರ ಕೆಲಸ. ಮಗುವನ್ನು ದಿನವೂ ಕಳುಹಿಸಿರಿ. ಸಂಜೆ ಬಂದಾಗ "ಏನು ತಿಂದೆ?" ಎಂದಷ್ಟೇ ಕೇಳದೆ "ಏನು ಆಡಿದಿರಿ? ಮೊದಲು ಏನಾಯಿತು? ಆಮೇಲೆ?" ಎಂದೂ ಕೇಳಿರಿ.

ಇದು ತಾಯಂದಿರ ಕೆಲಸ ಮಾತ್ರವೆಂದು ಗಂಡಸರು ಎದ್ದು ಹೋಗಬಾರದು. ಅಜ್ಜನಿಗೆ ಕತೆ ಬರುತ್ತದೆ, ಅಜ್ಜಿಗೆ ಒಗಟು ಬರುತ್ತದೆ, ತಂದೆಗೆ ಹೊಲದ ಬದುಕೆಲ್ಲ ಗೊತ್ತು. ದಿನಕ್ಕೆ ಅರ್ಧ ಗಂಟೆ ಮಗುವಿಗಾಗಿ ಎತ್ತಿಡಿರಿ. ಈ ರಾತ್ರಿ ಊಟಕ್ಕೆ ಕುಳಿತಾಗಲೇ ಆರಂಭವಾಗಲಿ.