ಮೊದಲು ಒತ್ತಿ ಹಿಡಿ

ಎದೆಯನ್ನು ಅಗಲವಾಗಿ ಸೀಳದೆ, ಪಕ್ಕೆಲುಬುಗಳ ನಡುವಿನ ಸಣ್ಣ ರಂಧ್ರಗಳಿಂದ ಕ್ಯಾಮೆರಾ, ಉಪಕರಣ ತೂರಿಸಿ ಶ್ವಾಸಕೋಶದ ಒಂದು ಹಾಲೆಯನ್ನೇ ತೆಗೆಯುವ ಆಪರೇಷನ್ ಈಗ ಹೊಸದಲ್ಲ. ರೋಗಿಗೆ ನೋವು ಕಡಿಮೆ. ಕಷ್ಟವೆಲ್ಲ ಕಲಿಯುವ ವೈದ್ಯರಿಗೆ: ಕೈ ಎಡಕ್ಕೆ ಸರಿದರೆ ಒಳಗಿನ ತುದಿ ಬಲಕ್ಕೆ ಹೋಗುತ್ತದೆ.

ಹಾಗಾಗಿ ಮೊದಲ ಪಾಠ ಅಭ್ಯಾಸದ ಡಬ್ಬದೊಳಗೆ. ಪುಟ್ಟ ರಬ್ಬರ್ ತುಂಡನ್ನು ಒಂದು ಇಕ್ಕಳದಿಂದ ಎತ್ತಿ, ಗಾಳಿಯಲ್ಲೇ ಇನ್ನೊಂದಕ್ಕೆ ದಾಟಿಸಿ, ಗೂಟಕ್ಕೆ ಸಿಕ್ಕಿಸಬೇಕು. ನೋಡಲು ಮಕ್ಕಳಾಟ, ಮಾಡಹೊರಟರೆ ಬೆವರಿಳಿಯುತ್ತದೆ. ಆಮೇಲೆ ಹಂದಿಯ ಶ್ವಾಸಕೋಶ, ಬಳಿಕ ಕಂಪ್ಯೂಟರ್ ಸಿಮ್ಯುಲೇಟರ್. ಡೆನ್ಮಾರ್ಕಿನ ಕೋಪನ್‌ಹೇಗನ್ ಈ ತರಬೇತಿಗೆ ಹೆಸರಾದ ಊರು. ಒಳ್ಳೆಯ ತರಬೇತಿಯಲ್ಲಿ ಎಷ್ಟು ಗಂಟೆ ಕೂತಿರಿ ಎಂದು ಕೇಳುವುದಿಲ್ಲ. ನಿಗದಿಯಾದ ಮಟ್ಟ ಮುಟ್ಟಿದಿರಾ ಎಂದಷ್ಟೇ. ನಮ್ಮ ಹಾಜರಾತಿ ಪುಸ್ತಕಗಳು ಇದನ್ನು ಕೇಳಿಸಿಕೊಳ್ಳಲಿ!

ಎಲ್ಲಕ್ಕಿಂತ ದೊಡ್ಡ ಪಾಠ ಶ್ವಾಸಕೋಶದ ಅಪಧಮನಿ ಹರಿದ ಗಳಿಗೆಯದು. ಪರದೆಯೆಲ್ಲ ಕೆಂಪು. ಗಾಬರಿಬಿದ್ದ ಕೈ ಕ್ಲಿಪ್ ಹಾಕಲು ಧಾವಿಸುತ್ತದೆ. ಹಾಗೆ ಮಾಡಿದರೆ ಗಾಯ ಇನ್ನಷ್ಟು ಹರಿದೀತು. ಮೊದಲು ಬಟ್ಟೆಯುಂಡೆಯಿಂದ ಒತ್ತಿ ಹಿಡಿಯಬೇಕು, ಅರಿವಳಿಕೆ ವೈದ್ಯರಿಗೆ ತಿಳಿಸಬೇಕು, ಬೇಕಾದರೆ ಎದೆ ತೆರೆಯಲು ಅಣಿಯಾಗಬೇಕು. ನಿಜ ಜೀವನದಲ್ಲಿ ಅಪರೂಪಕ್ಕೆ ಬರುವ ಈ ಗಳಿಗೆಯನ್ನು ತರಬೇತುದಾರರು ಅಭ್ಯಾಸದಲ್ಲಿ ಬೇಕೆಂದಾಗ ತಂದೊಡ್ಡುತ್ತಾರೆ: ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಮತ್ತೊಮ್ಮೆ.