ಹಳೆಯ ಚೈನ್ ಸಾಗೆ ಸರಿಯಾದ ಚೈನ್: ಮೂರು ಅಂಕಿಗಳ ಲೆಕ್ಕ



ಮಳೆಗಾಲಕ್ಕೆ ಮುಂಚೆ ಮರಗಸಿ ಶುರುವಾಗುವ ಹೊತ್ತಿಗೆ ಮಲೆನಾಡಿನ ಶೆಡ್ಡುಗಳಿಂದ ಮರ ಕೊಯ್ಯುವ ಮೆಷಿನ್‌ಗಳು ಹೊರಗೆ ಬರುತ್ತವೆ. ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಅಪ್ಪನ ಕಾಲದ ಮೆಷಿನ್ ಇನ್ನೂ ದುಡಿಯುತ್ತಿರುವುದೇನೂ ಅಪರೂಪವಲ್ಲ. ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ, ಚೈನ್ ಮಾತ್ರ ಅರ ಹಾಕಿ ಹಾಕಿ ಸವೆದಿರುತ್ತದೆ. ಪೇಟೆಗೆ ಹೋಗಿ “18 ಇಂಚಿನ ಚೈನ್ ಕೊಡಿ” ಎಂದು ಕೇಳಿ ತರುತ್ತೇವೆ. ಮನೆಗೆ ಬಂದು ನೋಡಿದರೆ ಅದು ಬಾರಿನ ಮೇಲೆ ಕೂರುವುದೇ ಇಲ್ಲ. ಇಲ್ಲವೇ ಕೂತಂತೆ ಕಂಡು, ಮರದ ಮೇಲಿಟ್ಟ ಕೂಡಲೇ ಕಳಚಿಕೊಳ್ಳುತ್ತದೆ. ಹೆಚ್ಚು ಭಯಪಡಬೇಕಾದದ್ದು ಈ ಎರಡನೆಯದಕ್ಕೆ.

ಇಂಚು ಎಂದರೆ ಬಾರಿನ ಉದ್ದ, ಅಷ್ಟೇ. ಮೆಷಿನ್‌ನ ಕಂಪನಿ, ಮಾಡೆಲ್ ಹೇಳಿದರೂ ಹಳೆಯ ಮೆಷಿನ್‌ಗೆ ಅದು ಸಾಲದು. ಕಾರ್ಖಾನೆಯಿಂದ ಹೊರಟಾಗ ಅದರಲ್ಲಿ ಏನಿತ್ತು ಎಂಬುದಷ್ಟೇ ಮಾಡೆಲ್‌ನಿಂದ ತಿಳಿಯುತ್ತದೆ. ಆಮೇಲೆ ಯಾರೋ ಬಾರ್ ಬದಲಿಸಿರುತ್ತಾರೆ, ಇನ್ಯಾರೋ ಸ್ಪ್ರಾಕೆಟ್ ಹಾಕಿಸಿರುತ್ತಾರೆ. ಹಾಗಾಗಿ ಈಗ ಮೆಷಿನ್ ಮೇಲೆ ಏನಿದೆಯೋ ಅದನ್ನೇ ಅಳೆದು ನೋಡಬೇಕು. ಬೇಕಾಗಿರುವುದು ಮೂರು ಅಂಕಿ: ಪಿಚ್, ಗೇಜ್, ಡ್ರೈವ್ ಲಿಂಕ್‌ಗಳ ಎಣಿಕೆ. ಒಂದು ಪೆನ್ನು, ಒಂದು ಕಾಗದ ಹತ್ತಿರ ಇಟ್ಟುಕೊಳ್ಳಿ.

ಮೊದಲು ಮೆಷಿನ್ ಆಫ್ ಮಾಡಿ, ಪ್ಲಗ್ ಕ್ಯಾಪ್ ಕಿತ್ತಿಡಿ, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಚೈನ್, ಬಾರ್ ಎರಡನ್ನೂ ಬಿಚ್ಚಿ, ಬಾರಿನ ಬುಡಕ್ಕೆ, ಎಂದರೆ ಮೆಷಿನ್‌ಗೆ ಬೋಲ್ಟ್ ಆಗುವ ತುದಿಗೆ, ಸೀಮೆಎಣ್ಣೆಯೋ ಪೆಟ್ರೋಲೋ ಹಾಕಿ ಬಟ್ಟೆಯಿಂದ ಉಜ್ಜಿ. ಹತ್ತಿರದಲ್ಲಿ ಬೆಂಕಿ, ಬೀಡಿ ಯಾವುದೂ ಇರಬಾರದು. ಎಣ್ಣೆ ಮತ್ತು ಮರದ ಪುಡಿ ಸೇರಿದ ಕಪ್ಪು ಮೇಣ ಬಿಟ್ಟರೆ ಅನೇಕ ಬಾರ್‌ಗಳ ಮೇಲೆ ಈ ಅಂಕಿಗಳು ಕೊರೆದಿರುವುದು ಕಾಣುತ್ತದೆ. ಅವು ಅಳಿಸಿಹೋಗಿದ್ದರೆ ನಾವೇ ಅಳೆಯೋಣ.

ಮೊದಲನೆಯದು ಪಿಚ್. ಚೈನ್ ಅನ್ನು ನೇರವಾಗಿ ಮಲಗಿಸಿ. ಸಾಲಾಗಿರುವ ಮೂರು ರಿವೆಟ್ ಹಿಡಿಯಿರಿ. ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಸ್ಕೇಲ್ ಇಟ್ಟು ಅಳೆದು, ಬಂದದ್ದನ್ನು ಅರ್ಧ ಮಾಡಿ. ಅದೇ ಪಿಚ್. ರಿವೆಟ್‌ಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲವಾದ್ದರಿಂದ ಎರಡು ರಿವೆಟ್ ಅಳೆದರೆ ಲೆಕ್ಕ ತಪ್ಪುತ್ತದೆ. ಅರ್ಧ ಮಾಡುವ ಮೊದಲಿನ ಅಳತೆ ಸುಮಾರು 12.7 ಮಿಲಿಮೀಟರ್ ಇದ್ದರೆ ಪಿಚ್ 1/4 ಇಂಚು. 16.5 ಇದ್ದರೆ 0.325. 19ರ ಆಸುಪಾಸು ಇದ್ದರೆ 3/8. 20.5 ಇದ್ದರೆ 0.404. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: 12.7, 16.5, 19, 20.5.

3/8ರಲ್ಲಿ ಎರಡು ಬಗೆ ಇವೆ. ಸಣ್ಣ ಮೆಷಿನ್‌ಗಳಿಗೆ ಲೋ ಪ್ರೊಫೈಲ್ ಎಂಬ ಗಿಡ್ಡ ಹಲ್ಲಿನ ಚೈನ್ ಬರುತ್ತದೆ, ದೊಡ್ಡ ಮೆಷಿನ್‌ಗಳಿಗೆ ಎತ್ತರದ ಹಲ್ಲಿನದು. ಹೆಸರು ಒಂದೇ ಆದರೂ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಬಾರದು. ಅಂಗಡಿಯಲ್ಲಿ “3/8” ಎಂದಷ್ಟೇ ಹೇಳದೆ, ಲೋ ಪ್ರೊಫೈಲ್ ಹೌದೋ ಅಲ್ಲವೋ ಎಂಬುದನ್ನೂ ಹೇಳಿ.

ಎರಡನೆಯದು ಗೇಜ್. ಚೈನ್‌ನ ಕೆಳಭಾಗದಲ್ಲಿ ಬಾರಿನ ಸೀಳಿನೊಳಗೆ ಇಳಿಯುವ ಕೊಂಡಿ ಇದೆಯಲ್ಲ, ಅದೇ ಡ್ರೈವ್ ಲಿಂಕ್. ಅದರ ದಪ್ಪವೇ ಗೇಜ್. ಸಾಮಾನ್ಯವಾಗಿ 1.1, 1.3, 1.5, 1.6 ಮಿಲಿಮೀಟರ್, ಈ ನಾಲ್ಕರಲ್ಲಿ ಒಂದು ಇರುತ್ತದೆ. ಇದನ್ನು ಸ್ಕೇಲಿನಲ್ಲಿ ಅಳೆಯಲಾಗದು. ಹತ್ತಿರದ ಲೇತ್ ವರ್ಕ್‌ಶಾಪ್‌ನಲ್ಲಿ ವರ್ನಿಯರ್ ಇರುತ್ತದೆ, ಅಲ್ಲಿ ಹಿಡಿಸಿ ನೋಡಿ. ಹಳೆಯ ಚೈನ್‌ನ ಲಿಂಕ್ ಸವೆದು ತೆಳುವಾಗಿರುತ್ತದೆ, ಹಳೆಯ ಬಾರಿನ ಸೀಳು ಸವೆದು ಅಗಲವಾಗಿರುತ್ತದೆ. ಆದ್ದರಿಂದ ಲಿಂಕ್‌ನಲ್ಲಿ ಸವೆತ ಕಡಿಮೆ ಇರುವ ಜಾಗದಲ್ಲಿ, ಒಂದೆರಡು ಕಡೆ ಅಳೆಯಿಸಿ.

ಗೇಜ್ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ದಪ್ಪ ಚೈನ್ ತೆಳು ಸೀಳಿಗೆ ಇಳಿಯುವುದೇ ಇಲ್ಲ, ತಪ್ಪು ಅಲ್ಲೇ ಗೊತ್ತಾಗುತ್ತದೆ. ತೆಳು ಚೈನ್ ಅಗಲ ಸೀಳಿಗೆ ಸಲೀಸಾಗಿ ಇಳಿದುಬಿಡುತ್ತದೆ. ಆಮೇಲೆ ಓಡುವಾಗ ಅತ್ತಿತ್ತ ವಾಲುತ್ತದೆ, ಕೊಯ್ತ ಸೊಟ್ಟಗಾಗುತ್ತದೆ, ಕೊನೆಗೆ ಚೈನ್ ಹಾರುತ್ತದೆ. ಸೀಳಿಗೆ ಸಲೀಸಾಗಿ ಇಳಿಯಿತು ಎಂದು ಸರಿಯಾದ ಚೈನ್ ಸಿಕ್ಕಿತೆಂದು ತಿಳಿಯಬೇಡಿ. ಬಾರಿನ ಮೇಲೆ ಕೂರಿಸಿದ ಮೇಲೆ ಹಲ್ಲನ್ನು ಬೆರಳಲ್ಲಿ ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಎದ್ದು ಕಾಣುವಷ್ಟು ವಾಲಿದರೆ ಗೇಜ್ ತಪ್ಪಿದೆ, ಇಲ್ಲವೇ ಬಾರ್ ಬದಲಿಸುವ ಕಾಲ ಬಂದಿದೆ.

ಮೂರನೆಯದು ಎಣಿಕೆ. ಒಂದು ಡ್ರೈವ್ ಲಿಂಕ್‌ಗೆ ಬಣ್ಣದ ಗುರುತು ಹಾಕಿ, ಅಲ್ಲಿಂದ ಸುತ್ತಲೂ ಒಂದೊಂದಾಗಿ ಎಣಿಸಿ. ಹಲ್ಲುಗಳನ್ನು ಎಣಿಸಬೇಡಿ, ಡ್ರೈವ್ ಲಿಂಕ್‌ಗಳನ್ನೇ ಎಣಿಸಿ. 18 ಇಂಚಿನ ಬಾರಿಗೇ, 0.325 ಪಿಚ್‌ನಲ್ಲೇ, 68, 72, 74 ಲಿಂಕ್‌ಗಳ ಚೈನ್‌ಗಳು ಇವೆ. ಒಂದೇ ಒಂದು ಲಿಂಕ್ ಹೆಚ್ಚಾದರೂ 3/8 ಚೈನ್‌ನಲ್ಲಿ ಸುತ್ತು 19 ಮಿಲಿಮೀಟರ್ ಉದ್ದವಾಗುತ್ತದೆ. ಅದನ್ನು ಬಿಗಿ ಮಾಡಲು ಬಾರ್ ಅನ್ನು ಹತ್ತಿರಹತ್ತಿರ ಒಂದು ಸೆಂಟಿಮೀಟರ್ ಮುಂದೆ ತಳ್ಳಬೇಕು. ಟೆನ್ಶನ್ ಸ್ಕ್ರೂ ಅಲ್ಲಿಗೇ ಮುಗಿದರೆ, ನಾಲ್ಕು ದಿನ ಓಡಿ ಚೈನ್ ಸಡಿಲವಾದಾಗ ಮತ್ತೆ ಎಳೆಯಲು ಜಾಗವಿರುವುದಿಲ್ಲ. ಹಳೆಯ ಚೈನ್‌ನ ಉದ್ದವನ್ನು ಟೇಪಿನಲ್ಲಿ ಅಳೆದು ಹೇಳುವವರಿದ್ದಾರೆ. ರಿವೆಟ್‌ಗಳು ಸವೆದು ಹಳೆಯ ಚೈನ್ ಉದ್ದವಾಗಿರುವುದರಿಂದ ಆ ಅಳತೆ ನಡೆಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಡ್ರೈವ್ ಲಿಂಕ್‌ನ ಮೇಲೆ ಸಣ್ಣದಾಗಿ ಒಂದು ಅಂಕಿ ಕೊರೆದಿರುತ್ತದೆ. ಒರೆಗಾನ್ ಕಂಪನಿಯ ಚೈನ್‌ನಲ್ಲಿ 72 ಎಂದಿದ್ದರೆ, ಅದು ಲಿಂಕ್‌ಗಳ ಎಣಿಕೆಯಲ್ಲ. 3/8 ಪಿಚ್, 1.3 ಗೇಜ್ ಎಂಬುದಕ್ಕೆ ಕಂಪನಿ ಇಟ್ಟ ಗುರುತು. 73 ಎಂದರೆ ಅದೇ ಪಿಚ್, 1.5 ಗೇಜ್. 91 ಎಂದರೆ ಲೋ ಪ್ರೊಫೈಲ್, 1.3 ಗೇಜ್. 21 ಎಂದರೆ 0.325, 1.5 ಗೇಜ್. ಸ್ಟಿಲ್ ಚೈನ್‌ನ ಡ್ರೈವ್ ಲಿಂಕ್ ಮೇಲೆ ಒಂಟಿ ಅಂಕಿ ಇರುತ್ತದೆ: 3 ಇದ್ದರೆ 1.3, 5 ಇದ್ದರೆ 1.5, 6 ಇದ್ದರೆ 1.6. ಭೂತಗನ್ನಡಿ ಹಿಡಿದು ನೋಡಿ. ಅಳತೆಯೂ ಈ ಗುರುತೂ ತಾಳೆಯಾದರೆ ನೀವು ನಿಶ್ಚಿಂತರಾಗಬಹುದು.

ಈಗಿನ ಚೈನ್‌ನ ಕೊಕ್ಕೆಯಂಥ ಹಲ್ಲು ಹುಟ್ಟಿದ ಬಗೆ ಕೇಳುವಂಥದ್ದು. ಮೊದಲಿನ ಚೈನ್‌ಗಳಿಗೆ ಕೈಗರಗಸದ ಮಾದರಿಯ ಹಲ್ಲುಗಳಿದ್ದವು, ಅರ ಹಾಕುವುದೇ ದೊಡ್ಡ ಕೆಲಸವಾಗಿತ್ತು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ, ಒಂದು ಬಗೆಯ ಕೊರಕ ಹುಳು ಎಡಕ್ಕೂ ಬಲಕ್ಕೂ ಕಚ್ಚುತ್ತ ಮರ ಕೊರೆಯುವುದನ್ನು ಗಮನಿಸಿ, ಎಡ ಬಲ ಹಲ್ಲುಗಳ ಚೈನ್ ಮಾಡಿದ. 1947ರಲ್ಲಿ ಕಂಪನಿಯನ್ನೂ ಕಟ್ಟಿದ. ಇಂದು ನಾವು ಬಳಸುವ ಚೈನ್‌ಗಳೆಲ್ಲ ಹೆಚ್ಚುಕಡಿಮೆ ಅದೇ ವಂಶದವು.

ಬಹಳ ಹಳೆಯ ಮೆಷಿನ್‌ಗಳಲ್ಲಿ ಅರ್ಧ ಇಂಚಿನ ಪಿಚ್ ಇರುವುದುಂಟು. ಆ ಚೈನ್ ಈಗ ಸಿಗುವುದು ಕಷ್ಟ. ಅಂಥ ಮೆಷಿನ್‌ಗೆ ಹೊಂದುವ 3/8 ಸ್ಪ್ರಾಕೆಟ್ ಮತ್ತು ಬಾರ್ ದೊರೆತರೆ, ಚೈನ್ ಸೇರಿ ಮೂರನ್ನೂ ಒಟ್ಟಿಗೇ ಬದಲಿಸಬೇಕು. ಸ್ಪ್ರಾಕೆಟ್ ಪಿಚ್ ಮತ್ತು ಚೈನ್ ಪಿಚ್ ಒಂದೇ ಆಗಿರಲೇಬೇಕು. ಬಾರಿನ ಮೂತಿಯಲ್ಲಿ ಚಕ್ರವಿದ್ದರೆ ಅದಕ್ಕೂ ಇದೇ ಮಾತು. ಸ್ಪ್ರಾಕೆಟ್‌ನಲ್ಲಿ ಆಳದ ಗೀರು ಬಿದ್ದಿದ್ದರೆ ಹೊಸ ಚೈನ್ ಹಾಕಬೇಡಿ, ಅದು ಹೊಸದನ್ನೂ ಬೇಗ ತಿಂದುಹಾಕುತ್ತದೆ. ಎರಡು ಚೈನ್‌ಗೆ ಒಂದು ಸ್ಪ್ರಾಕೆಟ್ ಎಂಬ ಲೆಕ್ಕ ಇಟ್ಟುಕೊಳ್ಳಿ.

ಹಲ್ಲಿನ ಆಕಾರದಲ್ಲಿ ಫುಲ್ ಚಿಸಲ್, ಸೆಮಿ ಚಿಸಲ್ ಎಂದು ಎರಡಿವೆ. ಮಣ್ಣು ಮೆತ್ತಿದ, ಬಿದ್ದು ಒಣಗಿದ ಮರ ಕೊಯ್ಯುವ ನಮ್ಮ ತೋಟದವರಿಗೆ ಮೂಲೆ ದುಂಡಗಿರುವ ಸೆಮಿ ಚಿಸಲ್ ಒಳ್ಳೆಯದು, ಅದರ ಹರಿತ ಹೆಚ್ಚು ಹೊತ್ತು ನಿಲ್ಲುತ್ತದೆ.

ಹೊಸ ಚೈನ್ ಹಾಕುವಾಗ ಬಾರಿನ ಮೇಲ್ಭಾಗದ ಹಲ್ಲುಗಳ ಅಲಗು ಮೂತಿಯ ಕಡೆಗಿರಲಿ. ಕೈಯಲ್ಲಿ ಎಳೆದರೆ ಚೈನ್ ಓಡಬೇಕು, ಕೆಳಗೆ ಜೋತುಬೀಳಬಾರದು. ಮೊದಲ ಸ್ವಲ್ಪ ಹೊತ್ತು ಸಣ್ಣ ಮರ ಕೊಯ್ದು, ತಣಿದ ಮೇಲೆ ಬಿಗಿ ನೋಡಿ.

ಕೊನೆಯದಾಗಿ ಒಂದು ಕೋರಿಕೆ. ಮೂರು ಅಂಕಿಗಳನ್ನೂ ಇಂದೇ ಮೆಷಿನ್‌ನ ಟೂಲ್ ಬಾಕ್ಸ್ ಮುಚ್ಚಳದ ಒಳಗೆ ಪೇಂಟಿನಲ್ಲಿ ಬರೆದಿಡಿ. ಅಂಗಡಿಗೆ ಹೋಗುವಾಗ ಹಳೆಯ ಚೈನ್, ಬಾರ್, ಸ್ಪ್ರಾಕೆಟ್ ಮೂರನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ, ದುಡ್ಡು ಕೊಡುವ ಮುಂಚೆ ಅಲ್ಲೇ ಕೂರಿಸಿ ನೋಡಿ.